ರೇವಾ ವಿದ್ಯುತ್ ಕಾರು: ಯಂತ್ರಸುಧಾರಣೆಯ ಒಂದು ಚರಿತ್ರೆ

ಪ್ರಸಿದ್ಧವಾದ ವಾಹನವೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ರೂಪವನ್ನೂ ವೇಗವನ್ನೂ ವರ್ಣಿಸಿ ಸುಮ್ಮನಾಗುವುದುಂಟು. ಆದರೆ ಹೆಸರು ಒಂದೇ ಆಗಿದ್ದರೂ ಒಳಗಿನ ಯಂತ್ರ ಬದಲಾಗುತ್ತಲೇ ಇರುತ್ತದೆ. ಇಟಲಿಯ ಲಂಬೋರ್ಗಿನಿ ಮಿಯುರಾ ಕಾರು 1966ರಲ್ಲಿ ಹೊರಬಂದಾಗ ಅದರ ಎಂಜಿನಿಗೂ ಗೇರುಪೆಟ್ಟಿಗೆಗೂ ಒಂದೇ ಎಣ್ಣೆ ಹರಿಯುತ್ತಿತ್ತು. ಇವೆರಡನ್ನೂ ಬೇರ್ಪಡಿಸುವ ಸುಧಾರಣೆ ಕಾಣಿಸಿಕೊಂಡುದು 1971ರಲ್ಲಿ ಬಂದ ಎಸ್.ವಿ. ಮಾದರಿಯ ಕಾರುಗಳಲ್ಲಿ. ಜನರು ಮೆಚ್ಚಿದ್ದು ಹೊರಮೈಯನ್ನು. ಎಂಜಿನಿಯರರ ಚಿಂತೆ ಎಣ್ಣೆಯದು. ಇದೇ ದೃಷ್ಟಿಯಿಂದ ನಮ್ಮ ನಾಡಿನಲ್ಲೇ ಹುಟ್ಟಿದ ಒಂದು ಕಾರನ್ನು, ಎಂದರೆ ಬೆಂಗಳೂರಿನ ರೇವಾವನ್ನು, ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ರೇವಾ ಸಂಸ್ಥೆಯು 1994ರಲ್ಲಿ, ಬೆಂಗಳೂರಿನ ಮೈನಿ ಸಮೂಹ ಹಾಗೂ ಅಮೆರಿಕದ ಅಮೆರಿಗಾನ್ ಸಂಸ್ಥೆಗಳ ಸಹಯೋಗದಿಂದ ಸ್ಥಾಪಿತವಾಯಿತು. ಇದರ ಪ್ರವರ್ತಕರಾದ ಚೇತನ್ ಮೈನಿಯವರು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, 1990ರಲ್ಲಿ ಸ್ಪರ್ಧೆಗಿಳಿದ ಸೌರಶಕ್ತಿಯ ಕಾರಿನ ತಂಡದಲ್ಲಿ ದುಡಿದವರು. ಹಲವು ವರ್ಷಗಳ ಪ್ರಯೋಗದ ತರುವಾಯ 2001ರಲ್ಲಿ ಕಾರು ಮಾರುಕಟ್ಟೆಗೆ ಬಂದಿತು.

ಮೊದಲ ಮಾದರಿಯ ರಚನೆ ಸರಳವಾದುದು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ, ಎರಡು ಬಾಗಿಲು. ತಲಾ 6 ವೋಲ್ಟಿನ ಎಂಟು ಸೀಸ–ಆಮ್ಲ ಬ್ಯಾಟರಿಗಳು ಸೇರಿ 48 ವೋಲ್ಟಿನ ಏಕಮುಖ ವಿದ್ಯುತ್ತನ್ನು ಮೋಟಾರಿಗೆ ಒದಗಿಸುತ್ತಿದ್ದವು. ಒಮ್ಮೆ ತುಂಬಿದ ವಿದ್ಯುತ್ತಿನಿಂದ ಸುಮಾರು 80 ಕಿ.ಮೀ. ಕ್ರಮಿಸಬಹುದೆಂದು ತಯಾರಕರು ಹೇಳಿದ್ದರು. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯಲ್ಲಿ ಒಂದಂಶವನ್ನು ಮೋಟಾರೇ ಬ್ಯಾಟರಿಗೆ ಹಿಂದಿರುಗಿಸುತ್ತಿತ್ತು.

ಮೊದಲನೆಯ ಮುಖ್ಯ ಸುಧಾರಣೆ ಮೋಟಾರಿನದು. ಏಕಮುಖ ವಿದ್ಯುತ್ತಿನ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ವಿದ್ಯುತ್ತನ್ನು ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಉಜ್ಜಿ ಸವೆಯುತ್ತವೆ. 2007ರ ಹೊತ್ತಿಗೆ ಬಂದ ರೇವಾ–ಐ ಮಾದರಿಯಲ್ಲಿ ಇದರ ಸ್ಥಾನವನ್ನು ಪರ್ಯಾಯ ವಿದ್ಯುತ್ತಿನ ಇಂಡಕ್ಷನ್ ಮೋಟಾರು ಆಕ್ರಮಿಸಿತು. ಇದರಲ್ಲಿ ಬ್ರಷ್ಷುಗಳೇ ಇಲ್ಲ. ಗರಿಷ್ಠ ವೇಗವೂ ಗಂಟೆಗೆ ಸುಮಾರು 65 ಕಿ.ಮೀ.ಗಳಿಂದ 80 ಕಿ.ಮೀ.ಗಳಿಗೆ ಏರಿತು.

ಎರಡನೆಯದು ರಕ್ಷಣೆಗೆ ಸಂಬಂಧಿಸಿದುದು. ಲಂಡನ್ ನಗರದಲ್ಲಿ 2003ರಿಂದ ವಾಹನದಟ್ಟಣೆಯ ಸುಂಕ ಜಾರಿಗೆ ಬಂದಿದ್ದು, ಅಂದು ವಿದ್ಯುತ್ ವಾಹನಗಳಿಗೆ ಅದರಿಂದ ವಿನಾಯಿತಿ ಇದ್ದಿತು. ಆದುದರಿಂದ ರೇವಾ ಅಲ್ಲಿ ಜಿ–ವಿಜ್ ಎಂಬ ಹೆಸರಿನಿಂದ ಗ್ರಾಹಕರನ್ನು ಪಡೆಯಿತು. ಆದರೆ ಐರೋಪ್ಯ ನಿಯಮಗಳ ಪ್ರಕಾರ ಅದು ಪೂರ್ಣಪ್ರಮಾಣದ ಕಾರಾಗಿರದೆ, ಕ್ವಾಡ್ರಿಸೈಕಲ್ ಎಂಬ ಹಗುರ ವಾಹನಗಳ ವರ್ಗಕ್ಕೆ ಸೇರಿತ್ತು. ಬ್ಯಾಟರಿಗಳನ್ನು ಬಿಟ್ಟು ತೂಕ 400 ಕೆ.ಜಿ.ಗಳನ್ನು ಮೀರಕೂಡದೆಂಬುದು ಆ ವರ್ಗದ ಅಂದಿನ ಕಟ್ಟಳೆಯಾಗಿತ್ತು. ಕಾರುಗಳಿಗೆ ವಿಧಿಸಿದ್ದ ಡಿಕ್ಕಿಯ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. ಮಾರುಕಟ್ಟೆಯ ಬಾಗಿಲನ್ನು ತೆರೆದ ಈ ವರ್ಗೀಕರಣವೇ ಆಕ್ಷೇಪಕ್ಕೂ ಎಡೆಮಾಡಿತು. 2007ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಪತ್ರಿಕೆ ಡಿಕ್ಕಿಯ ಪರೀಕ್ಷೆಯನ್ನು ನಡೆಸಿ, ಒಳಗಿನವರ ಕ್ಷೇಮದ ಪ್ರಶ್ನೆಯನ್ನು ಬಲವಾಗಿ ಎತ್ತಿತು. ಅನಂತರ ಪ್ರಕಟವಾದ ಪರಿಷ್ಕೃತ ಮಾದರಿಯಲ್ಲಿ ಚೌಕಟ್ಟನ್ನು ಬಲಪಡಿಸಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳನ್ನು ಅಳವಡಿಸಲಾಯಿತು. ತೂಕವನ್ನು ಉಳಿಸುವುದಕ್ಕೂ ಮನುಷ್ಯರನ್ನು ಉಳಿಸುವುದಕ್ಕೂ ಇರುವ ಈ ವಿರೋಧವು ಸಣ್ಣ ಕಾರುಗಳ ಚರಿತ್ರೆಯಲ್ಲೆಲ್ಲ ಕಂಡುಬರುವಂಥದು.

ಮೂರನೆಯದು, ಎಲ್ಲಕ್ಕಿಂತ ಕಠಿನವಾದುದು, ಬ್ಯಾಟರಿ. ಸೀಸದ ಬ್ಯಾಟರಿ ಅಗ್ಗವಾದರೂ ಭಾರವಾದುದು. ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಾಯಿಸಲೇಬೇಕು. 2009ರಲ್ಲಿ ಬಂದ ಎಲ್–ಅಯಾನ್ ಮಾದರಿಯು ಲಿಥಿಯಂ ಬ್ಯಾಟರಿಯಿಂದ ಸುಮಾರು 120 ಕಿ.ಮೀ. ಕ್ರಮಿಸುವುದೆಂದು ಘೋಷಿತವಾಯಿತು. ಆದರೆ ಲಿಥಿಯಂ ಅಂದು ದುಬಾರಿ. ಮೋಟಾರು, ನಿಯಂತ್ರಣಗಳನ್ನು ಬೆಂಗಳೂರಿನ ಎಂಜಿನಿಯರರು ಸುಧಾರಿಸಬಲ್ಲವರಾಗಿದ್ದರೂ ಬ್ಯಾಟರಿಯ ಬೆಲೆ ಅವರ ಕೈಮೀರಿದ್ದಿತು. 2010ರಲ್ಲಿ ಮಹೀಂದ್ರ ಸಂಸ್ಥೆಯು ರೇವಾದ ಬಹುಪಾಲು ಷೇರುಗಳನ್ನು ಕೊಂಡಿತು. 2013ರಲ್ಲಿ ಬಂದ ಇ–ಟು–ಓ ಕಾರು ಲಿಥಿಯಂ ಬ್ಯಾಟರಿಯನ್ನೇ ಅವಲಂಬಿಸಿತು.

ಇದರಿಂದ ವಿದಿತವಾಗುವುದೇನೆಂದರೆ, ಯಂತ್ರದ ಪ್ರಗತಿಯನ್ನು ಅಳೆಯಬೇಕಾದುದು ಅದರ ಅತ್ಯಂತ ದುರ್ಬಲವಾದ ಅಂಗದಿಂದ. ಮಿಯುರಾದಲ್ಲಿ ಎಣ್ಣೆ, ರೇವಾದಲ್ಲಿ ಬ್ಯಾಟರಿ. ಮೈನಿಯವರು 2017ರಲ್ಲಿ ಸ್ಥಾಪನೆಯಾದ ಸನ್ ಮೊಬಿಲಿಟಿ ಸಂಸ್ಥೆಯಲ್ಲಿ ಪಾಲುಗೊಂಡು, ಖಾಲಿಯಾದ ಬ್ಯಾಟರಿಯನ್ನು ಕೊಟ್ಟು ತುಂಬಿದುದನ್ನು ಪಡೆಯುವ ಕ್ರಮಕ್ಕೆ ತೊಡಗಿದುದು ಈ ಅನುಭವಕ್ಕೆ ಹೊಂದಿಕೊಂಡೇ ಇದೆ. ಕೋಲಾರ ಜಿಲ್ಲೆಯ ನರಸಾಪುರದ ಹೋಂಡಾ ಕಾರ್ಖಾನೆಯಲ್ಲಿ ತಯಾರಾಗಿ 2025ರಲ್ಲಿ ಮಾರಾಟಕ್ಕೆ ಬಂದ ವಿದ್ಯುತ್ ಆಕ್ಟಿವಾದಲ್ಲಿಯೂ ಬ್ಯಾಟರಿಗಳನ್ನು ಹೊರತೆಗೆದು ಬದಲಾಯಿಸಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ವಿದ್ಯಾರ್ಥಿಗಳಿಗೆ ಈ ಚರಿತ್ರೆ ದೂರದ್ದಲ್ಲ. ಕಾರ್ಖಾನೆಯ ಬಾಗಿಲಿನಿಂದ ಹೊರಬರುವ ವಾಹನದ ಅಂದಚಂದವನ್ನು ನೋಡುವವರು ಅನೇಕರು. ಅದರಲ್ಲಿ ಏನು ಬದಲಾಯಿತು, ಏಕೆ ಬದಲಾಯಿತು ಎಂದು ಕೇಳುವವರು ಇತಿಹಾಸದ ವಿದ್ಯಾರ್ಥಿಗಳಾಗಬೇಕೆಂಬುದು ನಮ್ಮ ಆಶಯ.