ದಿನಕ್ಕೆರಡಾಣೆಯ ಕರಾರು

ಕೈಮಗ್ಗದ ಉದ್ಯೋಗವು ಕುಸಿದು ನೇಕಾರರು ಸಾಲಕ್ಕೂ ಗತಿಯಿಲ್ಲದೆ ಕಂಗೆಟ್ಟಿದ್ದ ಕಾಲದಲ್ಲಿ, ಅಂದರೆ 1925ರಲ್ಲಿ, ವೈದ್ಯರಾದ ಡಾ. ಟಿ.ಎಂ.ಎ. ಪೈ, ವರ್ತಕರಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಕುಡ್ವ ಎಂಬ ಮೂವರು 8,000 ರೂಪಾಯಿಗಳ ಬಂಡವಾಳದೊಡನೆ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮುಂದೆ ಮಣಿಪಾಲದಲ್ಲಿ ನೆಲೆಯೂರಿ ಸಿಂಡಿಕೇಟ್ ಬ್ಯಾಂಕೆಂದು ಪ್ರಖ್ಯಾತವಾದುದು ಇದೇ.

ಈ ಸಂಸ್ಥೆ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ವೈಶಿಷ್ಟ್ಯವು ಬಡ್ಡಿಯ ದರದಲ್ಲಿರಲಿಲ್ಲ. ದಿನಕ್ಕೆ 2 ಆಣೆಯಷ್ಟು ಅಲ್ಪಮೊತ್ತವನ್ನಾದರೂ ಸಂಗ್ರಹಿಸಲು ಬ್ಯಾಂಕೇ ಮನೆಬಾಗಿಲಿಗೆ ಬರುವುದೆಂಬ ವಾಗ್ದಾನದಲ್ಲಿತ್ತು. ದಿನಕ್ಕೆರಡಾಣೆಯಾದರೆ ಮೂವತ್ತು ದಿನಕ್ಕೆ 3 ರೂಪಾಯಿ 12 ಆಣೆ. ಕಾಪುವಿನ ಕಡಲತಡಿಯಲ್ಲಿ ಮೀನು ಮಾರುವವಳಾಗಲಿ ಕಾರ್ಕಳದ ಪೇಟೆಯಲ್ಲಿ ಚಹಾದಂಗಡಿ ನಡೆಸುವವನಾಗಲಿ ಇಷ್ಟನ್ನು ತಿಂಗಳ ಕೊನೆಗೆ ಒಟ್ಟಾಗಿ ಉಳಿಸುವುದು ದುಸ್ಸಾಧ್ಯ. ಅಂದಂದಿನ ಸಂಪಾದನೆಯಿಂದ ಅಂದಂದೇ ತೆಗೆದಿಡುವುದು ಸಾಧ್ಯ. ಆದಕಾರಣ ಆಟಿ ತಿಂಗಳ ಜಡಿಮಳೆಯಲ್ಲಿಯೂ ಕೊಡೆ ಹಿಡಿದು ಬರುವ ಏಜೆಂಟನ ಮೇಲೆಯೇ ಯೋಜನೆಯೆಲ್ಲ ನಿಂತಿತ್ತು. ಆತ ಬಂದನೆ ಇಲ್ಲವೆ, ಕೊಟ್ಟ ಹಣ ಪುಸ್ತಕಕ್ಕೆ ಏರಿತೆ ಇಲ್ಲವೆ ಎಂಬುದನ್ನು ಅಳೆಯಲು ಬ್ಯಾಂಕಿನ ವರದಿ ಬೇಕಿರಲಿಲ್ಲ. ಮನೆಯ ಯಜಮಾನಿತಿಯೇ ಅದಕ್ಕೆ ಪರೀಕ್ಷಕಳಾಗಿದ್ದಳು.

ಸೇವೆಯ ಬಗ್ಗೆ ಕೊಟ್ಟ ಮಾತು ನಡೆಯಿತೆ ಇಲ್ಲವೆ ಎಂದು ಹೀಗೆ ಅಳೆಯುವುದು ಇಂದು ಮಾಹಿತಿ ತಂತ್ರಜ್ಞಾನದ ಕಚೇರಿಗಳಲ್ಲಿ ಸರ್ವಿಸ್ ಲೆವೆಲ್ ನಿರ್ವಹಣೆ ಎಂಬ ಪ್ರತ್ಯೇಕ ವಿದ್ಯೆಯೇ ಆಗಿದೆ. 1980ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಆಶ್ರಯದಲ್ಲಿ ಐಟಿಐಎಲ್ ಎಂಬ ಹೆಸರಿನಿಂದ ಸಂಹಿತೆಯ ರೂಪ ತಾಳಿದ ಈ ಪದ್ಧತಿಯಲ್ಲಿ ಸೇವೆಯ ಮಟ್ಟವನ್ನು ಮೊದಲೇ ಅಂಕಿಗಳಲ್ಲಿ ಬರೆದಿಡುತ್ತಾರೆ: ಶೇ. 99.9ರಷ್ಟು ಕಾಲ ಯಂತ್ರ ನಡೆಯಬೇಕೆಂದರೆ, ಮೂವತ್ತು ದಿನಗಳಲ್ಲಿ ಅದು ಸುಮಾರು 43 ನಿಮಿಷಗಳಿಗಿಂತ ಹೆಚ್ಚು ನಿಲ್ಲಕೂಡದು. (ಆ 43 ನಿಮಿಷಗಳನ್ನು ಎಣಿಸುವವನು ಬಹುಮಟ್ಟಿಗೆ ಸೇವೆ ಕೊಡುವವನೇ ಎಂಬುದು ನನಗೆ ಅಷ್ಟೇನೂ ಹಿತವೆನಿಸದ ಸಂಗತಿ.) ಆದರೆ ಈ ಪದ್ಧತಿಯಲ್ಲಿ ವಿವೇಕದ ಅಂಶವೊಂದುಂಟು. ಗ್ರಾಹಕನೊಡನೆ ಮಾಡಿಕೊಂಡ ಒಪ್ಪಂದದ ಬೆನ್ನಿಗೆ, ಆ ಸೇವೆಯನ್ನು ನಡೆಸಿಕೊಡುವ ಒಳಗಿನ ಜನರೊಡನೆಯೂ ಮತ್ತೊಂದು ಒಪ್ಪಂದವಿರಬೇಕೆಂದು ಅದು ವಿಧಿಸುತ್ತದೆ.

ಪಿಗ್ಮಿಯ ಇತಿಹಾಸದಲ್ಲಿ ಕೊರತೆಯಾಗಿದ್ದುದು ಈ ಎರಡನೆಯದೇ. ಕಮಿಷನ್ನಿನ ಆಧಾರದ ಮೇಲೆ ದುಡಿಯುತ್ತಿದ್ದ ಏಜೆಂಟರು ನೌಕರರಲ್ಲವೆಂಬುದು ಬ್ಯಾಂಕುಗಳ ನಿಲುವಾಗಿತ್ತು. 1969ರ ರಾಷ್ಟ್ರೀಕರಣವೂ ಅವರ ಸ್ಥಿತಿಯನ್ನು ಬದಲಿಸಲಿಲ್ಲ. 1988ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯು ಅವರನ್ನು ಕಾರ್ಮಿಕರೆಂದು ಪರಿಗಣಿಸಿ, ತಿಂಗಳಿಗೆ ಕನಿಷ್ಠ 7,500 ರೂಪಾಯಿ ಸಂಗ್ರಹಿಸಿದವರಿಗೆ 750 ರೂಪಾಯಿ ವೇತನವನ್ನೂ, ಅದಕ್ಕೆ ಮೀರಿದ ಸಂಗ್ರಹಕ್ಕೆ ನೂರಕ್ಕೆ 2ರಂತೆ ಪ್ರೋತ್ಸಾಹಧನವನ್ನೂ ಗೊತ್ತುಪಡಿಸಿತು. ಬ್ಯಾಂಕುಗಳು ಇದನ್ನು ಸುಪ್ರೀಂ ಕೋರ್ಟಿನವರೆಗೂ ಪ್ರಶ್ನಿಸಿದವು. ಏಜೆಂಟರು ಕಾರ್ಮಿಕರೇ ಎಂದು ಆ ನ್ಯಾಯಾಲಯವು ಎತ್ತಿಹಿಡಿದದ್ದು 2001ರಲ್ಲಿ. ಬಾಗಿಲಿಗೆ ಬರುವೆವೆಂದು ಮನೆಯವರಿಗೆ ಮಾತುಕೊಟ್ಟು ಆ ವೇಳೆಗೆ 73 ವರ್ಷಗಳು ಸಂದಿದ್ದವು.