ಕಟ್ಟದ ಪಟ್ಟವನ್ನು ಬಿಟ್ಟವನು

"ಮಾವ, ರಾಜರು ಕೊಡ್ತಿದ್ರು ಅಂತ್ಲೇ ಅದಕ್ಕೆ ರಾಜೀನಾಮೆ ಅನ್ನೋದಾ?" ತಂಗಿಯ ಮಗಳ ಪ್ರಶ್ನೆ. ನಗು ಬಂತು. ಆದರೆ ಕಿವಿಗೆ ಹಾಗೇ ಕೇಳುತ್ತದಲ್ಲ!

ಆ ಪದದೊಳಗೆ ರಾಜನಿಲ್ಲ, ರಾಜಿ ಇದೆ. ಜಗಳ ಮುಗಿಸಲು ನಾವು ಆಗುವ ರಾಜಿಯೇ ಅದು. ಪಾರಸಿಯಿಂದ ಬಂದದ್ದು, ಒಪ್ಪಿಗೆ ಎಂದರ್ಥ. ನಾಮೆ ಎಂದರೆ ಪತ್ರ. ಹಿಂದಿನ ಮುಂಬಯಿ ಪ್ರಾಂತದ ಕಂದಾಯ ದಫ್ತರಗಳಲ್ಲಿ ಜಮೀನು ಬಿಡುವ ರೈತ ಬರೆದುಕೊಡುತ್ತಿದ್ದುದು ರಾಜೀನಾಮೆ, ಅದನ್ನು ಹಿಡಿಯುವವನು ಬರೆದುಕೊಡುತ್ತಿದ್ದುದು ಕಬುಲಾಯತ್. ನೌಕರಿ ಬಿಡುವವರ ಕೈಯಲ್ಲಿ ಈಗ ಮೊದಲನೆಯದಷ್ಟೇ ಉಳಿದಿದೆ.

ಅರಸ ಬಿಟ್ಟರೆ ಮಾತ್ರ ಪಟ್ಟತ್ಯಾಗ. ಪಟ್ಟವೆಂದರೆ ಮೂಲದಲ್ಲಿ ಹಣೆಗೆ ಕಟ್ಟುವ ಪಟ್ಟಿ. ಅದರ ಸಂಸಾರ ದೊಡ್ಡದು: ಪಟ್ಟದರಸಿ, ಪಟ್ಟದಾನೆ, ಪಟ್ಟಶಿಷ್ಯ, ಚಾಲುಕ್ಯರಿಗೆ ಪಟ್ಟ ಕಟ್ಟಿದ ಊರು ಪಟ್ಟದಕಲ್ಲು. ಕಟ್ಟುವುದಕ್ಕೆ ಇಷ್ಟೆಲ್ಲ ಇದ್ದೂ ಬಿಚ್ಚುವುದಕ್ಕೊಂದು ನುಡಿಗಟ್ಟಿಲ್ಲ. 'ಪಟ್ಟ ಬಿಚ್ಚಿದ' ಎಂದು ಯಾರಾದರೂ ಅಂದದ್ದು ಕೇಳಿದ್ದೀರಾ? ಅಲ್ಲಿಗೆ ಬಂದಾಗ ಸಂಸ್ಕೃತದಿಂದ ತ್ಯಾಗವನ್ನು ಕಡ ತರುತ್ತೇವೆ, ಬಿಟ್ಟವನಿಗೆ ಪುಣ್ಯವನ್ನೂ ಸೇರಿಸಿ ಕೊಡುತ್ತೇವೆ.

ಬ್ರಿಟನ್ನಿನ ದೊರೆ ಎಂಟನೇ ಎಡ್ವರ್ಡನಿಗೆ ತ್ಯಾಗ ಎಂಬ ಮಾತು ಸಲ್ಲುತ್ತದೆಯೇ? ವಾಲಿಸ್ ಸಿಂಪ್ಸನ್‌ಳನ್ನು ಮದುವೆಯಾಗಬೇಕೆಂದ, ಪ್ರಧಾನಿ ಬಾಲ್ಡ್ವಿನ್ನನ ಸಂಪುಟ ಸುತರಾಂ ಒಪ್ಪಲಿಲ್ಲ. 1936ರ ಡಿಸೆಂಬರ್ 10ರಂದು ಫೋರ್ಟ್ ಬೆಲ್ವೆಡಿಯರ್‌ನಲ್ಲಿ ಪತ್ರಕ್ಕೆ ಸಹಿ ಹಾಕಿದ. ಮೂವರು ತಮ್ಮಂದಿರು ಸಾಕ್ಷಿ ಹಾಕಿದರು, ಥೇಟ್ ಜಮೀನು ಪತ್ರದ ಹಾಗೆ. ಅಷ್ಟಕ್ಕೇ ಬಿಡುಗಡೆಯಿಲ್ಲ. ಮರುದಿನ ಪಾರ್ಲಿಮೆಂಟು ಕಾಯ್ದೆ ಮಾಡಿದ ಮೇಲೇ ಅವನು ದೊರೆಯಲ್ಲವೆಂದಾದದ್ದು. ತಮಾಷೆಯೆಂದರೆ, ಅವನಿಗೆ ಪಟ್ಟಾಭಿಷೇಕವೇ ಆಗಿರಲಿಲ್ಲ! ಗೊತ್ತುಮಾಡಿದ್ದ ದಿನ 1937ರ ಮೇ 12. ದಿನ ಬದಲಾಗಲಿಲ್ಲ, ತಲೆ ಬದಲಾಯಿತು. ಕಿರೀಟ ತಮ್ಮ ಆರನೇ ಜಾರ್ಜನಿಗೆ ಏರಿತು. ಎಲ್ಲರ ರಾಜಿ ಬೇಡಿದ ಈ ಬಿಡುಗಡೆಗೆ ಹಳೆಯ ಅರ್ಥದ ರಾಜೀನಾಮೆಯೇ ಸರಿ ಎನ್ನುತ್ತೇನೆ. ಹುಡುಗಿ ಅಷ್ಟೇನೂ ತಪ್ಪಿರಲಿಲ್ಲ.

ತ್ಯಾಗವನ್ನು ನಾನು ಬಾಹುಬಲಿಗೆ ಎತ್ತಿಡುತ್ತೇನೆ. ದೃಷ್ಟಿ, ಜಲ, ಮಲ್ಲ ಮೂರೂ ಯುದ್ಧಗಳಲ್ಲಿ ಅಣ್ಣ ಭರತನನ್ನು ಗೆದ್ದು, ಗೆದ್ದದ್ದನ್ನು ಅವನಿಗೇ ಬಿಟ್ಟು ನಡೆದವನು. ಯಾರ ಅಪ್ಪಣೆಗೂ ಕಾಯಲಿಲ್ಲ. ಕಳೆದ ಸಲ ಶ್ರವಣಬೆಳಗೊಳದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಾಗ ಮೊದಲು ನೋಡಿದ್ದು ಅವನ ವಿಗ್ರಹದ ಹಣೆಯನ್ನು. ಅದನ್ನು ಕೆತ್ತಿಸಿದ ಚಾವುಂಡರಾಯನ ಶಿಲ್ಪಿಗಳು ಅಲ್ಲಿ ಪಟ್ಟಿಯ ಗುರುತೂ ಬಿಟ್ಟಿಲ್ಲ. ಮೇಲೆ ಬರೀ ಗುಂಗುರು ಕೂದಲು. ತೊಡೆಗೆ, ತೋಳಿಗೆ ಬಳ್ಳಿ ಸುತ್ತಿದೆ.