ಕೊಪ್ಪಳ ಸೀಮೆಯಲ್ಲಿ ಮಾರ್ಕೆಟಿಂಗ್ ಯಾರ ಕೆಲಸ?

ಗಂಗಾವತಿ, ಕಾರಟಗಿ ಭಾಗದಲ್ಲಿ ಭತ್ತದ ದರ ಹೇಳುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಸರ್ಕಾರದ ಬೆಂಬಲ ಬೆಲೆ ಬರುವುದು ಕ್ವಿಂಟಲ್ ಲೆಕ್ಕದಲ್ಲಿ. ಅದೇ ಭತ್ತ ಅಕ್ಕಿಯಾಗಿ ಬೆಂಗಳೂರಿನ ಅಂಗಡಿ ಸೇರುವಾಗ ಚೀಲ ಚಿಕ್ಕದಾಗಿ, ಅದರ ಮೇಲೊಂದು ಬಣ್ಣದ ಚಿತ್ರ ಮತ್ತು ಗಿರಣಿಯವರು ಇಟ್ಟ ಹೆಸರು ಬಂದಿರುತ್ತದೆ. 2022ರ ಜುಲೈನಲ್ಲಿ 25 ಕೆ.ಜಿ.ವರೆಗಿನ ಪೊಟ್ಟಣದ ಮೇಲೆ ಜಿಎಸ್‌ಟಿ ಬಿದ್ದ ಮೇಲೆ ಆ ಚೀಲ ಸದ್ದಿಲ್ಲದೆ 26 ಕೆ.ಜಿ.ಗೆ ಏರಿದ್ದನ್ನು ಗೃಹಿಣಿಯರು ಗಮನಿಸಿದ್ದಾರೆ. ಹೊಲದ ಬದುವಿನಿಂದ ಅಂಗಡಿಯ ಕಟ್ಟೆಯ ತನಕ ನಡೆಯುವ ಇಷ್ಟೂ ವ್ಯವಹಾರಕ್ಕೆ ಮಾರ್ಕೆಟಿಂಗ್ ಎಂಬ ಒಂದೇ ಹೆಸರು. ಆದರೆ ರೈತನ ಪಾಲಿಗೆ ಬಂದ ಮಾರ್ಕೆಟಿಂಗ್ ಬೇರೆ, ಗಿರಣಿಯವರದ್ದು ಬೇರೆ.

ಈ ವಿದ್ಯೆ ಹುಟ್ಟಿದ್ದು ಜಾಹೀರಾತಿನ ಕೋಣೆಯಲ್ಲಿ ಎಂದು ಹಲವರು ತಿಳಿದಿದ್ದಾರೆ. ಅದರ ಬೇರು ಹೊಲದಲ್ಲೂ ಇದೆ. ಅಮೆರಿಕದ ಎಲ್.ಡಿ.ಎಚ್. ವೆಲ್ಡ್ ಬರೆದ, ಈ ವಿಷಯದ ಮೊದಮೊದಲ ಪುಸ್ತಕಗಳಲ್ಲೊಂದು 1916ರಲ್ಲಿ ಹೊರಬಂತು; ಅದರ ವಸ್ತು ಸಾಬೂನಲ್ಲ, ಸಿಗರೇಟಲ್ಲ, ಕೃಷಿ ಉತ್ಪನ್ನಗಳ ಮಾರಾಟ. ರೈತನಿಗೂ ಉಣ್ಣುವವನಿಗೂ ನಡುವೆ ಇಷ್ಟೊಂದು ಮಧ್ಯವರ್ತಿಗಳು ಬೇಕೆ ಎಂಬುದು ಆ ಕಾಲದ ದೊಡ್ಡ ಜಗಳ. ವೆಲ್ಡ್ ಮಧ್ಯವರ್ತಿಗಳ ಪರವಾಗಿಯೇ ವಾದಿಸಿದ. ಭಾರತದಲ್ಲಿ ಆ ಪ್ರಶ್ನೆಗೆ ಉತ್ತರ ಬೇರೆ ಸಿಕ್ಕಿತು. 1928ರಲ್ಲಿ ರಾಯಲ್ ಕೃಷಿ ಆಯೋಗ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದಿತು. ಆಗ ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1930ರಲ್ಲೇ ಕೃಷಿ ಮಾರುಕಟ್ಟೆ ಕಾಯ್ದೆ ಬಂತು. 1937ರ ಕೇಂದ್ರದ ಕಾಯ್ದೆಯಿಂದ ಆಗ್‌ಮಾರ್ಕ್ ಮುದ್ರೆ ಬಂತು. ಏಕೀಕರಣದ ನಂತರ, 1966ರ ರಾಜ್ಯ ಕಾಯ್ದೆಯ ಅಡಿಯಲ್ಲಿ ಇಂದಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು, ಅಂದರೆ ಎಪಿಎಂಸಿಗಳು, ರೂಪ ತಳೆದವು.

ಕಾಯ್ದೆ ಏನು ಸರಿಪಡಿಸಲು ಹೊರಟಿತ್ತು ಎಂಬುದನ್ನು ಹಳೆಯ ದನದ ಸಂತೆ ನೋಡಿದವರು ಬಲ್ಲರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕುದುರಿಸುವ ದರ ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಕಾಳುಕಡಿಯ ವ್ಯಾಪಾರದಲ್ಲಿ ತೂಕದ ಮೋಸ, ಬಗೆಬಗೆಯ ಕಡಿತ. ಎಪಿಎಂಸಿ ಪ್ರಾಂಗಣದಲ್ಲಿ ಬಹಿರಂಗ ಲಿಲಾವು, ಲೈಸೆನ್ಸ್ ಪಡೆದ ದಲಾಲರು, ಲೆಕ್ಕಕ್ಕೆ ಸಿಗುವ ತೂಕ ಬಂದವು. ಕುಷ್ಟಗಿ, ಯಲಬುರ್ಗಾದಂಥ ಒಣಬೇಸಾಯದ ಸೀಮೆಯ ಶೇಂಗಾ, ಸಜ್ಜೆ, ಹೆಸರು, ಕಡಲೆಗೆ ಇದು ಸಣ್ಣ ಲಾಭವೇನಲ್ಲ. 2014ರಲ್ಲಿ ರಾಜ್ಯ ಸರ್ಕಾರ ಪಾಲುದಾರನಾಗಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಕಂಪನಿ ಹುಟ್ಟಿ, ಟೆಂಡರ್ ಕಂಪ್ಯೂಟರಿಗೆ ಬಂತು. ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್‌ನಲ್ಲಿ.

ಭತ್ತ ಮಾತ್ರ ಈ ಜಾಲಕ್ಕೆ ಪೂರ್ತಿ ಸಿಗಲಿಲ್ಲ. ಯಂತ್ರ ಕೊಯ್ದು ಸುರಿದ ಹಸಿ ಭತ್ತವನ್ನು ಒಣಗಿಸಲು ಕಣವಿಲ್ಲ, ಸಾಲ ಕೊಟ್ಟವನು ಕಾಯುವುದಿಲ್ಲ. ಲಾರಿ ಗದ್ದೆ ಬದುವಿಗೇ ಬರುತ್ತದೆ. 2020ರ ತಿದ್ದುಪಡಿ ಪ್ರಾಂಗಣದ ಹೊರಗಿನ ಖರೀದಿಗೆ ದಾರಿ ತೆರೆದಾಗ ಭಾರಿ ಚರ್ಚೆಯಾಯಿತು. ತುಂಗಭದ್ರಾ ಕಾಲುವೆ ಬಯಲಿನಲ್ಲಿ ಆ ದಾರಿ ಎಂದೋ ಸವೆದಿತ್ತು.

ಮಾರ್ಕೆಟಿಂಗ್‌ನ ಎರಡನೆಯ ಮುಖ ಬಂದದ್ದು ಕಂಪನಿಗಳ ಜೊತೆ. 1960ರಲ್ಲಿ ಜೆರೋಮ್ ಮೆಕಾರ್ಥಿ ಎಂಬ ಪ್ರಾಧ್ಯಾಪಕ ಈ ವಿದ್ಯೆಯನ್ನು ಸರಕು, ಬೆಲೆ, ಜಾಗ, ಪ್ರಚಾರ ಎಂಬ ನಾಲ್ಕು ಅಂಗಗಳಾಗಿ ಹೊಂದಿಸಿಟ್ಟ. 1953ರಲ್ಲಿ ತುಂಗಭದ್ರೆಯ ನೀರು ಹರಿದ ನಾಡಿನಲ್ಲಿ ಬೀಜ, ಗೊಬ್ಬರ, ಕ್ರಿಮಿನಾಶಕದ ಕಂಪನಿಗಳು ಈ ನಾಲ್ಕನ್ನೂ ರೈತನ ಮೇಲೆಯೇ ಪ್ರಯೋಗಿಸಿದವು. ಗೋಡೆ ಬರಹ, ಊಟದ ಸಮೇತ ಕ್ಷೇತ್ರೋತ್ಸವ, ಅಂಗಡಿಯವನ ಉದ್ರಿ. “ಮಗ ಏನ್ ಮಾಡ್ತಾನ್ರೀ?” ಎಂಬ ಪ್ರಶ್ನೆಗೆ “ಮಾರ್ಕೆಟಿಂಗ್‌ನ್ಯಾಗ ಅದಾನ್ರಿ” ಎಂಬ ಉತ್ತರ ಬಂದರೆ, ಆ ಮಗ ಬೈಕಿನಲ್ಲಿ ಊರೂರು ತಿರುಗಿ ಔಷಧ ಡಬ್ಬಿಯನ್ನೋ ವಿಮೆಯನ್ನೋ ಮಾರುತ್ತಿದ್ದಾನೆ ಎಂದರ್ಥ.

ಇದೇ ಹೆಸರು ಹೊತ್ತು ಚೈನ್ ವ್ಯಾಪಾರವೂ ಬಂತು. ಹಣ ಸುತ್ತಿಸುವ ಯೋಜನೆಗಳಿಗೆ 1978ರ ಕಾಯ್ದೆಯ ನಿಷೇಧವಿದೆ, 2021ರ ನೇರ ಮಾರಾಟ ನಿಯಮಗಳೂ ಇವೆ. ಕಲ್ಯಾಣ ಮಂಟಪದ ಸಭೆಗೆ ಕರೆಯುವ ನೆಂಟರು ಇವನ್ನೆಲ್ಲ ಹೇಳುವುದಿಲ್ಲ ಅಷ್ಟೆ.

ಫಿಲಿಪ್ ಕೋಟ್ಲರ್ 1971ರಲ್ಲಿ ಜೆರಾಲ್ಡ್ ಝಾಲ್ಟ್‌ಮನ್ ಜೊತೆ ಸೇರಿ, ಸರಕಷ್ಟೇ ಅಲ್ಲ, ಒಳ್ಳೆಯ ವಿಚಾರವನ್ನೂ ಇದೇ ವಿಧಾನದಿಂದ ಜನರಿಗೆ ಮುಟ್ಟಿಸಬಹುದು ಎಂದು ಬರೆದ. ಕೊಪ್ಪಳದ ಗವಿಮಠದ ಜಾತ್ರೆಗೆ ಮುನ್ನ ಒಂದೊಂದು ಸಾಮಾಜಿಕ ವಿಷಯ ಹಿಡಿದು ನಡೆಯುವ ಜಾಗೃತಿ ಜಾಥಾ ಆ ಮಾತಿಗೆ ಒಪ್ಪುವ ಉದಾಹರಣೆ. ಲಕ್ಷಾಂತರ ಜನ ಸೇರುವ ಕಡೆ ಮಾತು ಬೇಗ ಹರಡುತ್ತದೆ.

ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರ ದಾರಿ ಇವೆಲ್ಲಕ್ಕಿಂತ ಬೇರೆ. ಹಗುರ ಮರ, ಹುಣಸೆಬೀಜದ ಅಂಟು, ಬಣ್ಣ. ಗುಡಿಯವರು, ಊರವರು ಬಂದು ಹೇಳಿದರೆ ದೇವರ ಮೂರ್ತಿ ಸಿದ್ಧ. ಗಿರಾಕಿಯೇ ಮನೆ ಬಾಗಿಲಿಗೆ ಬರುತ್ತಿದ್ದ ಕಸುಬಿಗೆ ಮಾರಾಟದ ಚಿಂತೆ ಹತ್ತಿದ್ದು ಆ ಗಿರಾಕಿ ಕಡಿಮೆಯಾದ ಮೇಲೆ. ಕರಕುಶಲ ನಿಗಮದ ಕಾವೇರಿ ಮಳಿಗೆ, ಭೌಗೋಳಿಕ ಸೂಚಕದ ಮಾನ್ಯತೆ ಎರಡೂ ನೆರವಾದವು. ಆದರೂ ಇದೇ ಜಿಲ್ಲೆಯ ಭಾನಾಪುರದಲ್ಲಿ ತಲೆ ಎತ್ತಿದ ಆಟಿಕೆ ಕ್ಲಸ್ಟರಿನ ಸುದ್ದಿಗೆ ಸಿಕ್ಕಷ್ಟು ಪ್ರಚಾರ ಕಿನ್ನಾಳದ ಗೊಂಬೆಗೆ ಸಿಕ್ಕಿಲ್ಲ.

ಪ್ರಚಾರ ಎಂದರೇನೆಂದು ಜಿಲ್ಲೆಗೆ ತೋರಿಸಿದ್ದು 2023ರ ಮೇ ತಿಂಗಳ ಮಾವು ಮೇಳ. ತೋಟಗಾರಿಕೆ ಇಲಾಖೆ ಅಲ್ಲಿ ಜಪಾನ್ ಮೂಲದ ಮಿಯಾಝಾಕಿ ಹಣ್ಣನ್ನು, ಕಿಲೋಗೆ ಎರಡೂವರೆ ಲಕ್ಷ ರೂಪಾಯಿ ಎಂಬ ಹೆಸರಿನೊಂದಿಗೆ, ಪ್ರದರ್ಶನಕ್ಕಿಟ್ಟಿತು. ಕೊಳ್ಳಲು ಬಂದವರಲ್ಲ, ನೋಡಲು ಬಂದವರೇ ಹೆಚ್ಚು. ಬಂದವರು ಮನೆಗೆ ಒಯ್ದದ್ದು ಸ್ಥಳೀಯ ಹಣ್ಣು. ಇಂಥ ಮೇಳಗಳಲ್ಲಿ ಬೆಳೆಗಾರನೇ ಮಳಿಗೆಯಲ್ಲಿ ನಿಂತು ತನ್ನ ಹಣ್ಣಿನ ದರ ತಾನೇ ಹೇಳುತ್ತಾನೆ.

ಭತ್ತದ ರೈತನಿಗೆ ಆ ಅವಕಾಶವಿಲ್ಲ. ಮೆಕಾರ್ಥಿಯ ನಾಲ್ಕರಲ್ಲಿ ಸರ್ಕಾರ ಅವನಿಗೆ ಜಾಗ ಕೊಟ್ಟಿತು, ಬೆಂಬಲ ಬೆಲೆಯ ರೂಪದಲ್ಲಿ ಬೆಲೆಯ ಒಂದು ತುದಿ ಕೊಟ್ಟಿತು. ಸರಕಿಗೆ ಹೆಸರಿಡುವ, ಅದನ್ನು ಸಾರುವ ಕೆಲಸ ಗಿರಣಿಗೆ ಉಳಿಯಿತು. ಬಾಪಟ್ಲಾದಿಂದ 1986ರಲ್ಲಿ ಬಿಡುಗಡೆಯಾದ ಬಿಪಿಟಿ 5204 ತಳಿಯ ನಿಜವಾದ ಹೆಸರು ಸಾಂಬಾ ಮಸೂರಿ. ಪೇಟೆಯ ಚೀಲದ ಮೇಲೆ ಅದು ಸೋನಾ ಮಸೂರಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಗಂಗಾವತಿ ಸೋನಾ ಎಂಬ ತಳಿಯನ್ನೇ ಕೊಟ್ಟಿದೆ. ಜಿಲ್ಲೆಯ ರೈತ ಉತ್ಪಾದಕ ಸಂಸ್ಥೆಗಳು ಮುಂದಿನ ಸಹಾಯಧನದಲ್ಲಿ ಇನ್ನೊಂದು ಗೋದಾಮು ಕಟ್ಟುವ ಮೊದಲು, ಆ ಹೆಸರಿನಲ್ಲಿ ತಮ್ಮದೇ ಅಕ್ಕಿ ಚೀಲವನ್ನು ಅಂಗಡಿಗೆ ತರುವ ಕೆಲಸಕ್ಕೆ ಕೈಹಾಕಬೇಕು.